ಹವಾ ಸ್ಯಾಂಡರ್ ಹಿಡಿದ ಕೈಗಳಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಗಾಡಿ ಪೇಂಟರುಗಳಿಗೆ, ಟಿಂಕರಿಂಗ್ ಮಾಡುವವರಿಗೆ, ಟ್ರೇಲರ್ ಕಟ್ಟುವವರಿಗೆ, ಬಡಿಗೇರರಿಗೆ, ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗರಿಗೆ,



ಈ ಪತ್ರವನ್ನು ಬೇಕಂತಲೇ ಆಷಾಢದಲ್ಲಿ ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ, ಪೇಂಟು ಒಣಗುವುದಿಲ್ಲ, ಗಿರಾಕಿಯೂ ಅವಸರ ಮಾಡುವುದಿಲ್ಲ. ಗಣಪತಿ ಕಳಿಸಿದ ಮೇಲೆ ನಿಮ್ಮನ್ನು ಮಾತಾಡಿಸಲು ಆಗದು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಹಂಗಾಮು ಸುರು ಮಾಡುವುದರೊಳಗೆ ಕಬ್ಬಿನ ಟ್ರೇಲರುಗಳು ತಯಾರಾಗಬೇಕು. ಖಂಡೇ ಪೂಜೆಗೆ ಟ್ರ್ಯಾಕ್ಟರ್ ಹೊಳೆಯಬೇಕು. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಗಾಡಿಗೆ ಹೊಸ ಬಣ್ಣ ಆಗಲೇಬೇಕು, ಹಿಂದಿನ ಫಳಿಯ ಮೇಲೆ ತಾಯಿಯ ಚಿತ್ರವೂ ಬರಬೇಕು. ಆವಾಗ ಯಾರಾದರೂ ಬಂದು ಮಾಸ್ಕು, ಧೂಳು ಎಂದು ಸುರು ಮಾಡಿದರೆ ‘ಆಮ್ಯಾಲ ಬರ್ರಿ ಸರ, ಕೆಲಸದ ಗಡಿಬಿಡಿ ಐತಿ’ ಎಂದು ನೀವು ಹೇಳುವುದು ನ್ಯಾಯವೇ. ಆದ್ದರಿಂದ ಈಗಲೇ.

ನಾನು ಐಟಿಐಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಿಮ್ಮಲ್ಲಿ ಕೆಲವರು ನನ್ನ ಕೈಯಲ್ಲಿ ಕಲಿತವರು. ಹೆಚ್ಚಿನವರು ಯಾವ ಐಟಿಐ ಕಟ್ಟಡವನ್ನೂ ಹತ್ತದೆ, ಸೋದರಮಾವನ ಅಂಗಡಿಯಲ್ಲೋ ಅಣ್ಣನ ಗ್ಯಾರೇಜಿನಲ್ಲೋ ಪಾನಾ ಎತ್ತಿ ಕೊಡುತ್ತ ಕೊಡುತ್ತ ಕಲಿತವರು. ಕೈಗುಣದಲ್ಲಿ ಎರಡನೆಯವರೇ ಒಂದು ಕೈ ಮೇಲೆ ಎನ್ನುವುದು ನನಗೆ ಗೊತ್ತಿದೆ. ಹಾಗಾಗಿ ಕೆಲಸ ಹ್ಯಾಗೆ ಮಾಡಬೇಕೆಂದು ಹೇಳಲು ನಾನು ಬಂದಿಲ್ಲ.

ವಿಷಯ ಹವಾ ಸ್ಯಾಂಡರಿನದು. ಕಂಪ್ರೆಸರಿನ ಪೈಪಿಗೆ ಸಿಗಿಸಿ, ಅಂಗೈಯಲ್ಲಿ ಹಿಡಿದು, ಲಿವರ್ ಒತ್ತಿದರೆ ಸುತ್ತುವ ಆ ದುಂಡನೆಯ ಮಷಿನ್ನು. ಗ್ರೈಂಡರ್ ಎಂದರೆ ನಿಮಗೆ ಹೆದರಿಕೆ ಇದೆ. ವ್ಹೀಲು ಒಡೆದು ಕಣ್ಣಿಗೆ ಬಡಿದ ಕತೆ ಎಲ್ಲ ಊರಲ್ಲೂ ಇರುತ್ತದೆ. ವೆಲ್ಡಿಂಗಿಗೆ ಹೆದರಿಕೆ ಇದೆ. ರಾತ್ರಿಯೆಲ್ಲ ಕಣ್ಣಲ್ಲಿ ಉಸುಕು ಹಾಕಿದಂತಾದ ಅನುಭವ ಯಾರಿಗಿಲ್ಲ? ಹವಾ ಸ್ಯಾಂಡರಿಗೆ ಮಾತ್ರ ಯಾರೂ ಹೆದರುವುದಿಲ್ಲ. ಕಿಡಿ ಹಾರುವುದಿಲ್ಲ, ಶಾಕ್ ಹೊಡೆಯುವುದಿಲ್ಲ, ಬೆರಳು ಕತ್ತರಿಸುವುದಿಲ್ಲ. ತೂಕವೂ ಒಂದು ಕಿಲೋ ಆಸುಪಾಸು. ಅದಕ್ಕೇ ಕೆಲಸಕ್ಕೆ ಹೊಸದಾಗಿ ಬಂದ ಹುಡುಗನ ಕೈಗೆ ಮೊದಲು ಬರುವ ಮಷಿನ್ ಅದು. ಗ್ರೈಂಡರ್ ಹಿಡಿಯಲು ಅವನು ಕೆಲವು ವರ್ಷ ಕಾಯಬೇಕು. ಸ್ಯಾಂಡರ್ ಹಿಡಿಯಲು ಒಂದು ವಾರ ಸಾಕು. ನನ್ನ ತಕರಾರು ಇರುವುದು ಅಲ್ಲಿ. ಗ್ರೈಂಡರ್ ಮಾಡುವ ಗಾಯ ಅದೇ ಹೊತ್ತಿಗೆ ಕಾಣುತ್ತದೆ. ಇದು ಮಾಡುವ ಗಾಯ ಹತ್ತು ಹದಿನೈದು ವರ್ಷದ ಮೇಲೆ ಕಾಣುತ್ತದೆ. ಆಗ ಡಾಕ್ಟರು ‘ಬೀಡಿ ಸೇದತಿದ್ಯೇನು?’ ಎಂದು ಕೇಳುತ್ತಾರೆಯೇ ಹೊರತು ಸ್ಯಾಂಡರ್ ಹಿಡಿದಿದ್ದೆಯಾ ಎಂದು ಕೇಳುವುದಿಲ್ಲ.

ಈ ಮಷಿನ್ ಬರುವ ಮುಂಚೆ ಹ್ಯಾಗಿತ್ತು, ವಯಸ್ಸಾದ ಪೇಂಟರುಗಳಿಗೆ ನೆನಪಿರಬೇಕು. ಒಂದು ಬಕೆಟ್ ನೀರು, ಹಳೆಯ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ತುಂಡು, ಅದಕ್ಕೆ ಸುತ್ತಿದ ವಾಟರ್ ಪೇಪರು. ತಿಕ್ಕಿದ್ದೆಲ್ಲ ಕೆಸರಾಗಿ ಕೆಳಗೆ ಇಳಿಯುತ್ತಿತ್ತು. ಭುಜ ಬೀಳುತ್ತಿತ್ತು, ಬೆರಳ ತುದಿಗಳು ನೆನೆದು ಸುಕ್ಕುಗಟ್ಟುತ್ತಿದ್ದವು, ಆದರೆ ಮೂಗಿಗೆ ಹೋಗುವುದು ಕಡಿಮೆ ಇತ್ತು. ಆ ವಾಟರ್ ಪೇಪರಿಗೂ ಒಂದು ಚರಿತ್ರೆ ಇದೆ. ಅಮೆರಿಕದ ಫ್ರಾನ್ಸಿಸ್ ಓಕಿ ಎಂಬವನು ನೀರಿಗೆ ಬಿಚ್ಚಿಕೊಳ್ಳದ ಮರಳು ಕಾಗದ ಕಂಡುಹಿಡಿದ. ತ್ರೀಎಂ ಕಂಪನಿ 1921ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದು ಬಹಳ ಬೇಗ ಹಬ್ಬಿದ್ದು ಮೋಟಾರು ಗಾಡಿಗಳ ಪೇಂಟಿಂಗ್ ಶೆಡ್ಡುಗಳಲ್ಲಿ. ಫಿನಿಶಿಂಗ್ ನುಣುಪಾಗುತ್ತಿತ್ತು ಎನ್ನುವುದು ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣ, ಒಣ ಪೇಪರಿನಿಂದ ತಿಕ್ಕುವಾಗ ಏಳುತ್ತಿದ್ದ ಪೇಂಟಿನ ಧೂಳು ನೀರಿನಿಂದ ಅಡಗಿತು. ಆ ಕಾಲದ ಪೇಂಟಿನಲ್ಲಿ ಸೀಸ ತುಂಬಿರುತ್ತಿತ್ತು.

ನೂರು ವರ್ಷದ ಹಿಂದೆ ಧೂಳನ್ನು ನೀರಿನಲ್ಲಿ ಕಟ್ಟಿಹಾಕಿದ್ದ ಕಸುಬು ಈಗ ಅದನ್ನು ಮತ್ತೆ ಹವಾದಲ್ಲಿ ತೂರುತ್ತಿದೆ. ಇದಕ್ಕೆ ನಿಮ್ಮನ್ನು ದೂರಿ ಉಪಯೋಗವಿಲ್ಲ. ಈಗ ಬಳಸುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ನೀರು ಹಚ್ಚಿ ತಿಕ್ಕಿದರೆ ಕೆಳಗಿನ ತಗಡು ತುಕ್ಕು ಹಿಡಿದು ಆರು ತಿಂಗಳಲ್ಲಿ ಗುಳ್ಳೆ ಏಳುತ್ತದೆ, ಗಿರಾಕಿ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸುತ್ತಾನೆ. ಪುಟ್ಟಿಯನ್ನು ಒಣದಾಗಿಯೇ ತಿಕ್ಕಬೇಕು, ಒಪ್ಪಿದೆ. ಕೈಯಿಂದ ಮಧ್ಯಾಹ್ನದ ತನಕ ಹಿಡಿಯುತ್ತಿದ್ದ ಬಾಗಿಲು ಮಷಿನ್ನಿನಿಂದ ಚಹಾ ಬರುವುದರೊಳಗೆ ಮುಗಿಯುತ್ತದೆ, ಅದೂ ಒಪ್ಪಿದೆ. ನನ್ನ ಪ್ರಶ್ನೆ ಒಂದೇ. ಹಾಗೆ ಉಳಿದ ಹೊತ್ತು ಯಾರ ಪಾಲಿಗೆ ಹೋಯಿತು? ಗಿರಾಕಿಗೆ ಗಾಡಿ ಬೇಗ ಸಿಕ್ಕಿತು. ಮಾಲಕರಿಗೆ ತಿಂಗಳಿಗೆ ಎರಡು ಗಾಡಿ ಹೆಚ್ಚು ಬಂದವು. ಹುಡುಗನ ಪಾಲಿಗೆ ಬಂದದ್ದು ಧೂಳು. ಉಳಿದ ಹೊತ್ತಿನ ಬೆಲೆಯಲ್ಲಿ ಒಂದು ಭಾಗವನ್ನು ಆ ಧೂಳು ಹಿಡಿಯುವುದಕ್ಕೆ ಖರ್ಚು ಮಾಡಿ ಎಂದು ಕೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಆ ಧೂಳಿನಲ್ಲಿ ಏನಿರುತ್ತದೆ ನೋಡೋಣ. ಪುಟ್ಟಿಯಲ್ಲಿ ಟಾಲ್ಕಿನ ಪುಡಿ ಇರುತ್ತದೆ, ಗಟ್ಟಿಯಾದ ರಾಳ ಇರುತ್ತದೆ. ಅದರ ಕೆಳಗೆ ಹಳೆಯ ಪೇಂಟು, ಪೇಂಟಿನ ಕೆಳಗೆ ಪ್ರೈಮರು, ತುಕ್ಕು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂದು ಸರಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆದರೆ ಆ ನಿಯಮ ಗೃಹಬಳಕೆಯ, ಅಲಂಕಾರದ ಪೇಂಟುಗಳಿಗೆ. ಗಾಡಿ, ಯಂತ್ರಗಳಿಗೆ ಹಚ್ಚುವ ಪೇಂಟು ಅದರ ಹೊರಗೆ ಉಳಿಯಿತು. ಹಳದಿ, ಕೇಸರಿ, ಕೆಂಪು ಬಣ್ಣಗಳಿಗೆ ಹೊಳಪು ಕೊಡಲು ಬಹಳ ಕಾಲ ಬಳಸಿದ್ದು ಲೆಡ್ ಕ್ರೋಮೇಟ್ ಎಂಬ ಸೀಸದ ವಸ್ತು. ನಮ್ಮ ಕಡೆಯ ಟ್ರೇಲರುಗಳ ಮೇಲೆ ಯಾವ ಬಣ್ಣಗಳಿರುತ್ತವೆ ಎಂದು ನಾನು ಹೇಳಬೇಕಿಲ್ಲ. ಇಪ್ಪತ್ತು ವರ್ಷದ ಹಳೆ ಟ್ರೇಲರು ತಿಕ್ಕುವವನು ಇಪ್ಪತ್ತು ವರ್ಷದ ಹಳೆ ಬಣ್ಣವನ್ನೂ ಪುಡಿ ಮಾಡುತ್ತಾನೆ.

ಸೀಸದ ವಿಷಯವನ್ನು ಈ ದೇಶಕ್ಕೆ ಗಟ್ಟಿಯಾಗಿ ಹೇಳಿದವರಲ್ಲಿ ಮೊದಲಿಗರು ನಮ್ಮ ರಾಜ್ಯದವರೇ, ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್. ಸೀಸ ಬರೀ ಕೆಲಸಗಾರನಲ್ಲಿ ನಿಲ್ಲುವುದಿಲ್ಲ, ಅಂಗಿಯ ಮೇಲೆ ಕೂತು ಮನೆಗೂ ಹೋಗುತ್ತದೆ. ಅಪ್ಪನ ತೊಡೆ ಏರುವ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಹತ್ತುತ್ತದೆ, ಮಿದುಳಿನ ಬೆಳವಣಿಗೆಯನ್ನು ಹಾಳು ಮಾಡುತ್ತದೆ. ಇನ್ನು ನಮ್ಮದೇ ಒಂದು ರೂಢಿ ಇದೆ. ಕೆಲಸದ ನಡುವೆ ಎಡ ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ಹಚ್ಚಿ, ಬಲ ಹೆಬ್ಬೆರಳಿನಿಂದ ತಿಕ್ಕಿ ತುಟಿಯಲ್ಲಿಡುವುದು. ಸ್ಯಾಂಡರ್ ಹಿಡಿದ ಅಂಗೈ ಅದು. ತಂಬಾಕಿನ ಜೊತೆ ಟ್ರೇಲರಿನ ಹಳದಿ ಬಣ್ಣವನ್ನೂ ತಿಕ್ಕಿ ಬಾಯಲ್ಲಿಟ್ಟಂತಾಯಿತು. ತಂಬಾಕು ಬಿಡಿ ಎಂದು ಹೇಳಿದರೆ ಈ ಪತ್ರವನ್ನೇ ಬಿಟ್ಟೀರಿ. ಅದಕ್ಕೆ ಇಷ್ಟು ಮಾತ್ರ ಹೇಳುತ್ತೇನೆ, ಮೊದಲು ಸಾಬಾನಿನಿಂದ ಕೈ ತೊಳೆಯಿರಿ. ಥಿನ್ನರಿನಿಂದ ತೊಳೆಯುವುದು ತೊಳೆದಂತಲ್ಲ.

ಎರಡು ಡಬ್ಬಿ ಕೂಡಿಸಿ ಹೊಡೆಯುವ ಪಿಯು ಪೇಂಟಿನ ಮಾತು ಬೇರೆಯೇ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಶ್ವಾಸಕೋಶ ಅದಕ್ಕೆ ತಿರುಗಿಬಿದ್ದರೆ ಮುಂದೆ ಸ್ವಲ್ಪ ವಾಸನೆ ಬಂದರೂ ದಮ್ಮು ಹತ್ತುತ್ತದೆ, ಪೇಂಟರ್ ಕಸುಬನ್ನೇ ಬಿಡಬೇಕಾಗುತ್ತದೆ. ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಅಪಾಯ ಬಹಳ ಇಳಿಯುತ್ತದೆ. ‘ನಾಳೆ ಗಾಡಿ ಒಯ್ಯಬೇಕಂತ’ ಎಂದು ಅರೆ ಒಣಗಿದ್ದನ್ನೇ ತಿಕ್ಕುವುದು ಮಾತ್ರ ಬೇಡ.

ಬಡಿಗೇರ ಅಣ್ಣಂದಿರೇ, ನಿಮ್ಮದು ಕಟ್ಟಿಗೆಯ ಧೂಳು, ನಿಸರ್ಗದ್ದು, ಏನಾಗುತ್ತದೆ ಎಂದು ನೀವು ಕೇಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1995ರಲ್ಲೇ ಕಟ್ಟಿಗೆಯ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬರುವುದು ಮುಖ್ಯವಾಗಿ ಮೂಗಿನೊಳಗೆ, ಮೂಗಿನ ಅಕ್ಕಪಕ್ಕದ ಟೊಳ್ಳುಗಳಲ್ಲಿ. ಸಾಗವಾನಿ, ಬೀಟೆ ತಿಕ್ಕುವಾಗ ಕೈ ಕಡಿತ, ಸೀನು ಬರುವುದು ನಿಮಗೇ ಗೊತ್ತು. ಉಳಿ, ಹತ್ತರಿಯಿಂದ ಬೀಳುವ ಹೊಟ್ಟು ದಪ್ಪ, ಅದು ನೆಲಕ್ಕೆ ಬೀಳುತ್ತದೆ. 240 ನಂಬರಿನ ಪೇಪರು ಹಾಕಿದ ಸ್ಯಾಂಡರಿನದು ಹಿಟ್ಟು. ಬಿಸಿಲ ಕೋಲಿನಲ್ಲಿ ಕಾಣುವ ಕಣಗಳಿಗಿಂತ ಕಾಣದ ಕಣಗಳೇ ಪುಪ್ಪುಸದ ತಳಕ್ಕೆ ಇಳಿಯುವಂಥವು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಆಳಕ್ಕೆ ಹೋಗುವ ಕಣಗಳು ಹತ್ತಕ್ಕಿಂತ ಕಡಿಮೆ, ಅವು ಮಷಿನ್ ನಿಂತ ಮೇಲೂ ತಾಸುಗಟ್ಟಲೆ ತೇಲುತ್ತವೆ. ಊಟದ ಡಬ್ಬಿ ಬಿಚ್ಚುವುದು ಅದೇ ಶೆಡ್ಡಿನಲ್ಲಿ. ಯುಗಾದಿಗೆ ಶಿರಸಂಗಿ ಕಾಳಮ್ಮನ ಜಾತ್ರೆಗೆ ಹೋಗುವಾಗ ಮೈ ತೊಳೆದು ಮಡಿಯುಟ್ಟು ಹೋಗುತ್ತೀರಿ. ಅಷ್ಟಲ್ಲದಿದ್ದರೂ ಮನೆಗೆ ಹೋಗುವ ಮುಂಚೆ ಅಂಗಿ ಬದಲಿಸಲು ಶೆಡ್ಡಿನಲ್ಲಿ ಒಂದು ಮೊಳೆ ಹೊಡೆದಿಡಿ.

ಇನ್ನೊಂದು ಎಚ್ಚರಿಕೆ ಸವದತ್ತಿ, ರಾಮದುರ್ಗದವರಿಗೆ. ನಿಮ್ಮ ಗುಡ್ಡಗಳು ಭೂವಿಜ್ಞಾನಿಗಳು ಕಲಾದಗಿ ಶ್ರೇಣಿ ಎಂದು ಕರೆಯುವ ಮರಳುಗಲ್ಲಿನವು, ಬೆಣಚಿನವು, ಬಹುಪಾಲು ಸಿಲಿಕಾ. ಬಾಗಿಲ ಹೊಸ್ತಿಲಿಗೆ, ಕಟ್ಟೆಯ ಹಾಸುಗಲ್ಲಿಗೆ, ಮೂರ್ತಿಗೆ ನುಣುಪು ಕೊಡಲು ಇದೇ ಹವಾ ಸ್ಯಾಂಡರನ್ನು ಒಣಗಲ್ಲಿನ ಮೇಲೆ ಓಡಿಸುವುದು ಶುರುವಾದರೆ ಅದು ಕೈಯಾರೆ ತಂದುಕೊಂಡ ರೋಗ. ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 1946ರವರೆಗೆ ನಡೆದ ತಪಾಸಣೆಯಲ್ಲಿ ನೋಡಿದ ಕಾರ್ಮಿಕರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಆ ರೋಗಕ್ಕೆ ಅಂದು ಔಷಧ ಇರಲಿಲ್ಲ, ಇಂದೂ ಇಲ್ಲ. ಕಲ್ಲಿಗೆ ನೀರು ಬಿಟ್ಟುಕೊಂಡೇ ತಿಕ್ಕಬೇಕು. ಹವಾ ಮಷಿನ್ನಿನ ದೊಡ್ಡ ಗುಣ ಇರುವುದೂ ಇಲ್ಲೇ: ಅದರೊಳಗೆ ಕರೆಂಟು ಇಲ್ಲ, ಕೈ ಒದ್ದೆಯಿದ್ದರೂ ಹೆದರಬೇಕಾಗಿಲ್ಲ. ಪೇಂಟರುಗಳಿಗೂ ಇದು ಅನ್ವಯ. ಪುಟ್ಟಿಯನ್ನು ಒಣದಾಗಿ ತಿಕ್ಕಿರಿ. ಪೇಂಟಿನ ಮೇಲಿನ ಫಿನಿಶಿಂಗಿಗೆ ವಾಟರ್ ಪೇಪರಿನ ಡಿಸ್ಕು, ಸ್ಪ್ರೇ ಬಾಟಲಿಯ ನೀರು ಸಾಕು, ಧೂಳೇ ಏಳುವುದಿಲ್ಲ. ಕೆಲಸ ಮುಗಿದ ಮೇಲೆ ಮಷಿನ್ನಿನೊಳಗೆ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಇಡಬೇಕು, ಇಲ್ಲದಿದ್ದರೆ ಬೇರಿಂಗು ಜಾಮ್ ಆಗುತ್ತದೆ.

ಮೂಗಿಗೆ ಟವೆಲ್ ಕಟ್ಟಿಕೊಳ್ಳುವ ವಿಚಾರ. ಟವೆಲ್ಲು ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಆ ಧೂಳು ಮೂಗಿನ ಕೂದಲಿನಲ್ಲೇ ನಿಲ್ಲುವಂಥದು. ಸಂಜೆ ಟವೆಲ್ಲು ಹಳದಿಯಾಗಿದ್ದು ನೋಡಿ ‘ಎಷ್ಟ ತಡದೈತಿ ನೋಡ್ರಿ’ ಎನ್ನುತ್ತೀರಿ. ತಡೆಯದೆ ಬಿಟ್ಟದ್ದು ಎಷ್ಟು ಎಂದು ಟವೆಲ್ಲು ತೋರಿಸುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಎನ್95 ಮಾಸ್ಕು ಈ ಕೆಲಸಕ್ಕೇ ಹುಟ್ಟಿದ್ದು, ಕಾರ್ಖಾನೆಯ ಧೂಳಿಗೆ. ನಮ್ಮ ದೇಶದ ಗುರುತು ಬೇಕಿದ್ದರೆ ಐಎಸ್ 9473 ಎಂದು ಅಚ್ಚಾಗಿದೆಯೇ ನೋಡಿ, ಎಫ್‌ಎಫ್‌ಪಿ2 ದರ್ಜೆಯದು ತೆಗೆದುಕೊಳ್ಳಿ. ಎರಡು ಪಟ್ಟಿ ತಲೆಯ ಹಿಂದೆ ಹೋಗಬೇಕು, ಮೂಗಿನ ಮೇಲಿನ ತಗಡು ಒತ್ತಿರಬೇಕು. ಗಡ್ಡದ ಮೇಲೆ ಮಾಸ್ಕು ಕೂಡುವುದಿಲ್ಲ, ಪಕ್ಕದಿಂದ ಹವಾ ನುಗ್ಗುತ್ತದೆ. ಶ್ರಾವಣದಲ್ಲಿ ಗಡ್ಡ ತೆಗೆಸದವರು ಆ ತಿಂಗಳು ಸ್ಯಾಂಡರನ್ನು ಬೇರೆಯವರ ಕೈಗೆ ಕೊಡಿ. ಥಿನ್ನರಿನ ಆವಿಗೂ ಹಾರ್ಡನರಿಗೂ ಈ ಮಾಸ್ಕು ನಡೆಯುವುದಿಲ್ಲ. ಥಿನ್ನರಿಗೆ ಎರಡು ಡಬ್ಬಿಯ ಇದ್ದಿಲಿನ ಮಾಸ್ಕು ಬೇಕು, ಹಾರ್ಡನರ್ ಹೊಡೆಯುವಾಗ ಹೊರಗಿನಿಂದ ಶುದ್ಧ ಹವಾ ಕೊಡುವ ಮಾಸ್ಕೇ ಸರಿ.

ಮಾಸ್ಕು ಕೊನೆಯ ಉಪಾಯ. ಮೊದಲನೆಯದು ಧೂಳು ಹುಟ್ಟಿದಲ್ಲೇ ಹಿಡಿಯುವುದು. ಸ್ಯಾಂಡರಿನ ಪ್ಯಾಡಿನಲ್ಲಿ ತೂತುಗಳಿವೆಯಲ್ಲ, ಅವು ಚೆಂದಕ್ಕಾಗಿ ಇಲ್ಲ. ಅವುಗಳ ಮೂಲಕ ಧೂಳು ಒಳಗೆ ಬಂದು ಹಿಂದಿನ ಪೈಪಿನಿಂದ ಚೀಲಕ್ಕೋ ವ್ಯಾಕ್ಯೂಮಿಗೋ ಹೋಗಬೇಕು. ಆ ಚೀಲವನ್ನು ‘ಅಡ್ಡ ಆಗತೈತಿ’ ಎಂದು ಕಿತ್ತು ಮೂಲೆಗೆ ಎಸೆದಿರುವ ಶೆಡ್ಡುಗಳನ್ನು ಎಣಿಸುವುದಕ್ಕಿಂತ ಎಸೆಯದ ಶೆಡ್ಡುಗಳನ್ನು ಎಣಿಸುವುದು ಸುಲಭ. ಡಿಸ್ಕಿನ ತೂತು ಪ್ಯಾಡಿನ ತೂತಿಗೆ ಸರಿಯಾಗಿ ಕೂತಿರಬೇಕು. ಆರು ತೂತಿನ ಪ್ಯಾಡಿಗೆ ತೂತಿಲ್ಲದ ಅಗ್ಗದ ಡಿಸ್ಕು ಅಂಟಿಸಿದರೆ ಹೀರುವ ಬಾಯಿಯನ್ನೇ ಮುಚ್ಚಿದಂತೆ. ಧೂಳು ಹೊರಗೆ ಹೋದರೆ ಲಾಭ ಮೂಗಿಗೆ ಮಾತ್ರವಲ್ಲ. ಪೇಪರು ಕಟ್ಟಿಕೊಳ್ಳುವುದಿಲ್ಲ, ಒಂದು ಡಿಸ್ಕಿನಲ್ಲಿ ಹೆಚ್ಚು ಕೆಲಸ ಬರುತ್ತದೆ, ಪೇಂಟಿನ ಮೇಲೆ ಕಾಳು ಏಳುವುದಿಲ್ಲ. ಮಾಲಕರಿಗೆ ಪುಪ್ಪುಸದ ಮಾತು ತಟ್ಟದಿದ್ದರೆ ಡಿಸ್ಕಿನ ಬಿಲ್ಲಿನ ಮಾತು ಹೇಳಿ ನೋಡಿ. ಮನೆ ಗುಡಿಸುವ ಸಾದಾ ವ್ಯಾಕ್ಯೂಮು ತರಬೇಡಿ. ಅದರ ಫಿಲ್ಟರು ಹಿಟ್ಟಿನಂಥ ಧೂಳನ್ನು ಹಿಂದಿನಿಂದ ಹೊರಗೆ ಉಗುಳುತ್ತದೆ. ಸಣ್ಣ ಕಣಕ್ಕೆ ಮಾಡಿದ ಫಿಲ್ಟರಿನದೇ ಬೇಕು, ಅದು ಥಿನ್ನರ್ ಡಬ್ಬಿಗಳಿಂದ ದೂರ ಇರಬೇಕು. ಸ್ಯಾಂಡರಿನಲ್ಲಿ ಕಿಡಿ ಇಲ್ಲದಿದ್ದರೂ ವ್ಯಾಕ್ಯೂಮಿನ ಮೋಟರಿನಲ್ಲಿ, ಕಂಪ್ರೆಸರಿನ ಸ್ವಿಚ್ಚಿನಲ್ಲಿ ಕಿಡಿ ಇದೆ.

ಈಗ ಪ್ರೆಶರಿನ ಲೆಕ್ಕ. ಹೆಚ್ಚಿನ ಹವಾ ಸ್ಯಾಂಡರುಗಳನ್ನು 90 ಪಿಎಸ್‌ಐಗೆ ಮಾಡಿರುತ್ತಾರೆ. ಅದು ಟ್ಯಾಂಕಿನ ಗೇಜಿನ 90 ಅಲ್ಲ. ಮಷಿನ್ ಓಡುತ್ತಿರುವಾಗ ಅದರ ಬಾಯಿಯಲ್ಲಿ ಇರಬೇಕಾದ 90. ಆರು ಇಂಚಿನ ಸ್ಯಾಂಡರಿಗೆ ನಿಮಿಷಕ್ಕೆ ಹತ್ತು ಘನ ಅಡಿಗೂ ಮೇಲೆ ಹವಾ ಬೇಕು. ಎರಡು ಎಚ್‌ಪಿಯ ಕಂಪ್ರೆಸರು ಕೊಡುವುದು ಆರೋ ಎಂಟೋ. ಹೀಗಾಗಿ ಎರಡು ನಿಮಿಷದಲ್ಲಿ ಮಷಿನ್ ಸೋಲುತ್ತದೆ. ಆಗ ನೀವು ಮಾಡುವುದೇನು? ರೆಗ್ಯುಲೇಟರ್ ತಿರುವಿ 120, 130ಕ್ಕೆ ಇಡುತ್ತೀರಿ. ಒತ್ತಿ ಹಿಡಿದಾಗ ಸರಿಯಾಗಿಯೇ ಓಡುತ್ತದೆ. ಗಾಡಿಯಿಂದ ಮೇಲೆತ್ತಿದ ಕೂಡಲೇ, ತಡೆಯುವುದು ಏನೂ ಇಲ್ಲದೆ, ಪ್ಯಾಡು ತನ್ನ ಮಿತಿ ಮೀರಿ ಸುತ್ತುತ್ತದೆ. ಪ್ಯಾಡಿನ ಹಿಂದೆ ಬರೆದಿರುವ 12,000 ಆರ್‌ಪಿಎಂ ಎಂಬುದು ಅಲಂಕಾರವಲ್ಲ. ಅಂಚು ಹರಿದ ಪ್ಯಾಡು, ವೆಲ್ಕ್ರೋ ಸತ್ತ ಪ್ಯಾಡು ಆ ವೇಗದಲ್ಲಿ ಬಿಚ್ಚಿ ಹಾರಿದರೆ ಎದುರಿಗೆ ಕೂತವನ ಮುಖಕ್ಕೇ. ಬಾಯಿಯಲ್ಲೇ ಒಂದು ಗೇಜು ಹಾಕಿ ನೋಡಿ, 90ಕ್ಕೆ ನಿಲ್ಲಿಸಿ. ಹವಾ ಸಾಲದಿದ್ದರೆ ತಪ್ಪು ಬೇರೆ ಕಡೆ ಇರುತ್ತದೆ. ಕಾಲು ಇಂಚಿನ ಉದ್ದನೆಯ ಪೈಪು ಹವಾದ ಅರ್ಧ ಜೀವ ತಿನ್ನುತ್ತದೆ. 3/8 ಇಂಚಿನ ಪೈಪು ಹಾಕಿದರೆ ಎಷ್ಟೋ ಶೆಡ್ಡುಗಳಲ್ಲಿ ರೆಗ್ಯುಲೇಟರ್ ಮುಟ್ಟಬೇಕಾಗಿಲ್ಲ. ಉಳಿದದ್ದಕ್ಕೆ ನಡುನಡುವೆ ನಿಲ್ಲಿಸಿ, ಟ್ಯಾಂಕು ತುಂಬಲಿ. ಆ ಬಿಡುವು ಕೈಗೂ ಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಮಷಿನ್ನನ್ನು ಗಾಡಿಯ ಮೇಲೆ ಇಟ್ಟು ಆಮೇಲೆ ಲಿವರ್ ಒತ್ತಿರಿ. ಲಿವರ್ ಬಿಟ್ಟು ನಿಂತ ಮೇಲೆ ಎತ್ತಿರಿ. ಸುತ್ತುತ್ತಿರುವುದನ್ನು ನೆಲದ ಮೇಲೆ ಇಟ್ಟು ಫೋನ್ ಎತ್ತಬೇಡಿ. ಲಿವರಿಗೆ ಸೈಕಲ್ ಟ್ಯೂಬಿನ ರಬ್ಬರು ಕಟ್ಟಿ ಸದಾ ಒತ್ತಿರುವಂತೆ ಮಾಡುವ ಬುದ್ಧಿವಂತಿಕೆ ಯಾರದೋ ತಿಳಿಯದು, ಎಲ್ಲ ಊರಿಗೂ ಹಬ್ಬಿದೆ. ಇವತ್ತೇ ಬಿಚ್ಚಿ. ಡಿಸ್ಕು, ಪ್ಯಾಡು ಬದಲಿಸುವಾಗ ಪೈಪಿನಿಂದ ಮಷಿನ್ ಬಿಡಿಸಿ. ಪೈಪಿನ ಜಾಯಿಂಟಿಗೆ ಬೈಂಡಿಂಗ್ ತಂತಿ ಬಿಗಿಯುವ ಬದಲು ಸರಿಯಾದ ಕ್ಲಿಪ್ಪು ಹಾಕಿ, ತಂತಿ ಒಳಗೊಳಗೇ ರಬ್ಬರನ್ನು ಕೊಯ್ಯುತ್ತದೆ. ಒತ್ತಡದಲ್ಲಿ ಕಳಚಿದ ಪೈಪು ಬೀಸಿ ಹೊಡೆದರೆ ಹಲ್ಲು ಉಳಿಯುವುದಿಲ್ಲ. ಟ್ಯಾಂಕಿನ ಕೆಳಗಿನ ನೀರನ್ನು ದಿನಾ ಸಂಜೆ ಬಿಡಿ, ಈ ಮಳೆಗಾಲದಲ್ಲಿ ಲೋಟಗಟ್ಟಲೆ ಬರುತ್ತದೆ. ಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ತಿಂದು ತೆಳುವಾಗುತ್ತದೆ. ಹೊರಗೆ ಪೇಂಟು ಹೊಳೆಯುತ್ತಲೇ ಇರುತ್ತದೆ, ನೀವೇ ಹೊಡೆದ ಪೇಂಟು. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ನೋಡಿ. ಅದು ಸೋರುತ್ತದೆಂದು ಪ್ಲಗ್ ಬಡಿದು ಮುಚ್ಚಿದ ಟ್ಯಾಂಕಿನ ಪಕ್ಕ ನಾನಂತೂ ನಿಲ್ಲಲಾರೆ.

ಇನ್ನು ಹುಡುಗರಿಗೆ ನೇರವಾಗಿ. ತಮ್ಮಗಳಿರಾ, ಸಂಜೆ ಕೆಲಸ ಬಿಟ್ಟ ಮೇಲೆ ಏರ್ ಗನ್ ಹಿಡಿದು ಒಬ್ಬರ ಮೈಗೆ ಒಬ್ಬರು ಹವಾ ಹೊಡೆದುಕೊಂಡು ಧೂಳು ಝಾಡಿಸುತ್ತೀರಲ್ಲ, ದಿನದ ಧೂಳೆಲ್ಲ ಆ ಎರಡು ನಿಮಿಷದಲ್ಲಿ ಮತ್ತೆ ನಿಮ್ಮ ಮೂಗಿನ ಎದುರಿಗೆ ಏಳುತ್ತದೆ. ಅಮೆರಿಕದ ಕಾನೂನು ಸಾಮಾನು ಸ್ವಚ್ಛ ಮಾಡುವುದಕ್ಕೂ 30 ಪಿಎಸ್‌ಐಗಿಂತ ಕಡಿಮೆ ಹವಾ ಬಳಸಬೇಕು ಎನ್ನುತ್ತದೆ, ಮೈಗಂತೂ ಅಲ್ಲವೇ ಅಲ್ಲ. ಸಣ್ಣ ಗಾಯ ಇದ್ದರೆ ಆ ಹವಾ ಚರ್ಮದ ಕೆಳಗೆ ನುಗ್ಗುತ್ತದೆ. ಕಣ್ಣಿಗೆ, ಕಿವಿಯ ಪರದೆಗೆ ಏನಾಗುತ್ತದೆಂದು ಬೇರೆ ಹೇಳಬೇಕೆ? ಇನ್ನು ಆ ಚೇಷ್ಟೆ. ಹಿಂದಿನಿಂದ ಬಂದು ಪ್ಯಾಂಟಿನ ಹತ್ತಿರ ಪೈಪು ಹಿಡಿಯುವುದು, ಎಲ್ಲರೂ ನಗುವುದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಬೈಕ್ ಸರ್ವಿಸ್ ಸೆಂಟರಿನಲ್ಲಿ ಹೀಗೇ ನಗುನಗುತ್ತ ಸುರುವಾದ ಆಟದಲ್ಲಿ 24 ವರ್ಷದ ಯುವಕ ಸತ್ತ. ಒಳಗೆ ನುಗ್ಗಿದ ಹವಾಕ್ಕೆ ಕರುಳು ಒಡೆಯಿತು. ಹವಾ ಬಿಟ್ಟವನು ಶತ್ರುವಲ್ಲ, ಗೆಳೆಯ. ಅವನನ್ನು ಪೊಲೀಸರು ಬಂಧಿಸಿದರು. ಕಂಪ್ರೆಸರಿನ ಹವಾ ಒಳಗೆ ಹೋಗಲು ಬಟ್ಟೆ ತೆಗೆಯಬೇಕಾಗಿಲ್ಲ, ಬಟ್ಟೆಯ ಮೇಲಿನಿಂದಲೇ ಹೋಗುತ್ತದೆ. ಮಾಲಕರೇ, ಈ ಆಟ ಕಂಡ ದಿನ ಆ ಹುಡುಗನ ಪಗಾರ ಹಿಡಿಯಿರಿ. ಬೇರೆ ವಿಷಯಕ್ಕೆ ಪಗಾರ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ, ಇದಕ್ಕೆ ಒಪ್ಪುತ್ತೇನೆ.

ಗದ್ದಲಕ್ಕೆ ಕಿವಿಯಲ್ಲಿ ಇಯರ್‌ಫೋನ್ ಸಿಗಿಸಿ, ಮಷಿನ್ನಿನ ಸದ್ದನ್ನು ಮೀರುವಂತೆ ಹಾಡು ಹಚ್ಚುವುದೂ ಈಗ ಹೆಚ್ಚಾಗಿದೆ. ಒಂದು ಗದ್ದಲಕ್ಕೆ ಇನ್ನೊಂದು ಗದ್ದಲ ಸೇರಿತು, ಅಷ್ಟೇ. ಫೋಮಿನ ಇಯರ್‌ಪ್ಲಗ್ ಹತ್ತಿಪ್ಪತ್ತು ರೂಪಾಯಿಯ ಮಾತು.

ಕೈಯ ಮಾತಿಗೆ ಬರುತ್ತೇನೆ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ಡಾಕ್ಟರಮ್ಮ ಅಮೆರಿಕದ ಬೆಡ್‌ಫರ್ಡ್ ಎಂಬ ಊರಿನ ಸುಣ್ಣಕಲ್ಲು ಕೆತ್ತುವವರನ್ನು ನೋಡಲು ಹೋದರು. ಹವಾ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಯ ಬೆಳಿಗ್ಗೆ ಬೆಳ್ಳಗೆ, ರಕ್ತವಿಲ್ಲದ ಹಾಗೆ ಆಗುತ್ತಿದ್ದವು, ಗುಂಡಿ ಹಾಕಲೂ ಬರುತ್ತಿರಲಿಲ್ಲ. ಮಷಿನ್ನಿನ ನಡುಕ ಬೆರಳಿನ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತದೆ ಎಂಬುದು ಅಲ್ಲಿಂದ ಗಟ್ಟಿಯಾಯಿತು. ಸ್ಯಾಂಡರಿನ ನಡುಕ ಆ ಸುತ್ತಿಗೆಯಷ್ಟಿಲ್ಲ, ನಿಜ. ಆದರೆ ನೀವು ಹಿಡಿಯುವುದು ದಿನವಿಡೀ. ಯುರೋಪಿನವರು 2002ರಲ್ಲಿ ಇದಕ್ಕೆ ಲೆಕ್ಕ ಹಾಕಿದರು: ಎಂಟು ತಾಸಿನ ದುಡಿಮೆಗೆ ನಡುಕದ ಸರಾಸರಿ 2.5 ದಾಟಿದರೆ ಮಾಲಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಮೀಟರು, ಸೆಕೆಂಡಿನ ಗೊಡವೆ ಬೇಡ, ಮಷಿನ್ನಿನ ಕಾಗದದಲ್ಲಿ ಆ ಅಂಕಿ ಇರುತ್ತದೆ, ನೋಡಿ. 5 ಇರುವ ಮಷಿನ್ನನ್ನು ಎರಡು ತಾಸು ಹಿಡಿದರೆ ಮೊದಲ ಗೆರೆ ಮುಟ್ಟಿದಿರಿ. 10 ಇರುವ ಅಗ್ಗದ, ಪ್ಯಾಡು ತೂಕ ತಪ್ಪಿದ ಮಷಿನ್ನಾದರೆ ಅರ್ಧ ತಾಸಿಗೇ ಮುಟ್ಟಿದಿರಿ. ಲಿವರ್ ಒತ್ತಿದ ಹೊತ್ತು ಮಾತ್ರ ಲೆಕ್ಕಕ್ಕೆ. ಅದಕ್ಕೇ ಮೂರು ಮಂದಿ ಇದ್ದರೆ ಮೂವರೂ ಸರದಿ ಮೇಲೆ ಹಿಡಿಯಿರಿ. ಒಬ್ಬನೇ ಹುಡುಗ ಇಡೀ ಟ್ರೇಲರು ತಿಕ್ಕುವ ಪದ್ಧತಿ ಹೋಗಲಿ. ಬಿಗಿಯಾಗಿ ಒತ್ತಿದರೆ ನಡುಕ ಕೈಗೆ ಹೆಚ್ಚು ಬರುತ್ತದೆ, ಕೆಲಸವೂ ಹೆಚ್ಚಾಗುವುದಿಲ್ಲ. ಮಷಿನ್ನಿನ ಭಾರವೇ ಸಾಕು. ಮಷಿನ್ನಿನಿಂದ ಹೊರಗೆ ಬರುವ ತಣ್ಣನೆ ಹವಾ ಮಣಿಕಟ್ಟಿಗೆ ಬಡಿಯದಂತೆ ತಿರುಗಿಸಿ. ಪುಷ್ಯ ಮಾಸದಲ್ಲಿ ನೇಸರಗಿಯಿಂದಲೋ ಬೆಳವಡಿಯಿಂದಲೋ ಬೈಕ್ ಮೇಲೆ ಬರುವಾಗ ಒಂದೆರಡು ಬೆರಳು ಮಾತ್ರ ಬೆಳ್ಳಗಾಗಿ ಜೋಮು ಹಿಡಿದರೆ ಅದನ್ನು ಬರೀ ಚಳಿ ಎನ್ನಬೇಡಿ. ಡಾಕ್ಟರಿಗೆ ತೋರಿಸಿ, ಯಾವ ಮಷಿನ್ ಹಿಡಿಯುತ್ತೀರೆಂದು ನೀವಾಗಿಯೇ ಹೇಳಿ. ಅವರು ಕೇಳುವುದಿಲ್ಲ.

ಮೂರು ನಾಲ್ಕು ಮಂದಿಯ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಇದು ನಿಮಗೂ ಗೊತ್ತು. ಆದರೂ 14 ದಾಟದ ಮಗುವನ್ನು ಶೆಡ್ಡಿಗೆ ಇಟ್ಟುಕೊಳ್ಳುವುದು ಕಾನೂನಿನಲ್ಲಿ ಅಪರಾಧ. ಬೇಸಿಗೆ ರಜೆಯಲ್ಲಿ ‘ಸುಮ್ಮನ ಕುಂತಾನ’ ಎಂದು ಮನೆಯವರೇ ತಂದು ಬಿಟ್ಟರೂ ಅಪರಾಧವೇ. 2024ರಲ್ಲಿ ರಾಜ್ಯ ಸರಕಾರ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗೆ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿದೆ, ಗ್ಯಾರೇಜಿನ ಕೆಲಸಗಾರರೂ ಅದರೊಳಗೆ ಬರುತ್ತಾರೆ. ಮನೆ ಕಟ್ಟುವಲ್ಲಿ ದುಡಿಯುವ ಬಡಿಗೇರರಿಗೂ ಪೇಂಟರುಗಳಿಗೂ ಕಟ್ಟಡ ಕಾರ್ಮಿಕರ ಮಂಡಳಿ ಇದೆ. ಕಾರ್ಡು ಮಾಡಿಸಿ. ಮಾಲಕರು ಮಾಡಿಸಿಕೊಡಿ, ಹುಡುಗರಿಗೆ ಕಚೇರಿಯ ಮೆಟ್ಟಿಲು ಹತ್ತಲು ಒಂದು ದಿನದ ರಜೆ ಕೊಟ್ಟರೂ ಆದೀತು.

ನಾನು ಕೇಳುವುದು ಈ ಹಂಗಾಮಿಗೆ ಎರಡೇ. ಒಬ್ಬೊಬ್ಬರಿಗೆ ಒಳ್ಳೆ ವ್ಯಾಕ್ಯೂಮು ಭಾರವಾದರೆ ಒಂದೇ ಸಾಲಿನ ಮೂರು ನಾಲ್ಕು ಅಂಗಡಿಯವರು ಸೇರಿ ಒಂದು ತಂದು, ಪುಟ್ಟಿ ತಿಕ್ಕುವ ಕೆಲಸವನ್ನು ವಾರದಲ್ಲಿ ಹಂಚಿಕೊಳ್ಳಿ. ವೆಲ್ಡಿಂಗ್ ಮಷಿನ್ನನ್ನೂ ಜಾಕನ್ನೂ ಹೀಗೆ ಎರವಲು ಕೊಟ್ಟು ತಂದು ಮಾಡಿದವರೇ ನೀವು. ಎರಡನೆಯದು, ಗಣಪತಿ ಹಬ್ಬದೊಳಗೆ ಎಲ್ಲರೂ ಒಮ್ಮೆ ಎದೆಯ ತಪಾಸಣೆ ಮಾಡಿಸಿ. ಕೊಳವೆಯಲ್ಲಿ ಊದಿಸಿ ಉಸಿರಿನ ಬಲ ನೋಡುವ ಪರೀಕ್ಷೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ. ಆ ಕಾಗದವನ್ನು ಎತ್ತಿಡಿ. ಮುಂದಿನ ವರ್ಷದ ಕಾಗದದ ಜೊತೆ ಇಟ್ಟು ನೋಡಲು ಬೇಕು.

ನನ್ನ ಹತ್ತಿರ ಸ್ಯಾಂಡರಿನ ಬಾಯಿಗೆ ಹಾಕುವ ಒಂದು ಗೇಜು ಇದೆ. ಯಾವ ಊರಿನ ಶೆಡ್ಡಿನವರು ಕರೆದರೂ ತಂದು ನೋಡಿ ಕೊಡುತ್ತೇನೆ. ಸೋಮವಾರ ಬೇಡ, ಅಂದು ನನ್ನ ಉಪವಾಸ. ನಾನು ಬರುವುದರೊಳಗೆ ಟ್ಯಾಂಕಿನ ನೀರು ಬಿಟ್ಟಿರಿ, ಹಳೆಯ ಪ್ಯಾಡುಗಳನ್ನೆಲ್ಲ ಒಂದು ಕಡೆ ತೆಗೆದಿಟ್ಟಿರಿ, ಮೂಲೆಗೆ ಎಸೆದ ಆ ಧೂಳಿನ ಚೀಲ ಸಿಕ್ಕರೆ ಅದನ್ನೂ.

ಇತಿ ನಿಮ್ಮ,
ಒಬ್ಬ ನಿವೃತ್ತ ಐಟಿಐ ಮಾಸ್ತರ
ಸಂಪಗಾಂವ